ವರಾಂಡದ ಅಕ್ಕೋರು

ಹೊಸ ಶಿಕ್ಷಕಿ ಆಸಿಫಾ ಅಕ್ಕೋರು ಶಾಲೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಆಗಲೇ ಶಂಕ್ರೆವ್ವನ ತಲೆಯಲ್ಲಿ ಹುಳ ಹೊಕ್ಕಿತ್ತು.

ಶಂಕ್ರೆವ್ವ ಎಂದರೆ ಹಳಿಯಾಳ ರಸ್ತೆಯ ಒಂದು ಊರಿನ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವಳು. ಅಡುಗೆಮನೆಯ ಕಿಟಕಿಯಿಂದ ಐದನೇ ತರಗತಿಯ ಬಾಗಿಲು, ಅದರ ಮುಂದಿನ ವರಾಂಡ ಎರಡೂ ನೆಟ್ಟಗೆ ಕಾಣುತ್ತವೆ. ಕಾಣದಿದ್ದರೇ ಚಲೋ ಇತ್ತು ಅನ್ನಿ. ಆ ತರಗತಿಯಲ್ಲಿ ಅವಳ ಒಬ್ಬಳೇ ಮಗಳು ಶಿವಗಂಗಾ ಓದುತ್ತಿದ್ದಳು. ಇನ್ನು ಎಂಟು ವಾರಕ್ಕೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ. ಅದರಲ್ಲಿ ಪಾಸಾದರೆ ಹತ್ತನೇ ತರಗತಿವರೆಗೆ ಊಟ, ಬಟ್ಟೆ, ಓದು ಎಲ್ಲ ಪುಕ್ಕಟೆ. ಮಗಳು ಸವುಟು ಹಿಡಿಯುವುದು ತಪ್ಪಬೇಕಾದರೆ ಇದೊಂದೇ ದಾರಿ ಎಂದು ಶಂಕ್ರೆವ್ವ ಗಟ್ಟಿಯಾಗಿ ನಂಬಿದ್ದಳು.

ಹೊಸ ಅಕ್ಕೋರು ದಿನಾ ದಾಂಡೇಲಿಯಿಂದ ಬಸ್ಸಿಗೆ ಬರುವವರು. ಹೆಸರು ಕೇಳಿ ಊರಲ್ಲಿ ಒಬ್ಬಿಬ್ಬರು ಹುಬ್ಬು ಗಂಟಿಕ್ಕಿದ್ದುಂಟು. ಶಂಕ್ರೆವ್ವನ ತಕರಾರು ಅದಲ್ಲ. ಅಕ್ಕೋರು ಎಲ್ಲ ಮಕ್ಕಳಿಗೂ ಒಂದೇ ರೀತಿ ಪಾಠ ಹೇಳುತ್ತಿರಲಿಲ್ಲ, ಅದು ಇವಳ ತಕರಾರು. ಭಾಗಾಕಾರವನ್ನೇ ತಗೊಳ್ಳಿ. ಕುಂತಲ್ಲಿ ಕೂರದ ನಾಲ್ವರು ಹುಡುಗರಿಗೆ ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆಯುವ ಕೆಲಸ. ಮಗ್ಗಿ ಮರೆಯುವವರಿಗೆ ಮಗ್ಗಿಯನ್ನೇ ಹಾಡು ಮಾಡಿ ಕೂಗುವ ಕೆಲಸ. ಜೋಯಿಡಾ ಕಡೆಯಿಂದ ಬಂದ ಹುಡುಗಿ ಮೊದಲು ತನ್ನ ಕೊಂಕಣಿಯಲ್ಲಿ ಎಣಿಸಬೇಕು, ಆಮೇಲೆ ಕನ್ನಡಕ್ಕೆ ತರಬೇಕು. ಜಾಣರಿಗೆ ಬೋರ್ಡು. ಶಿವಗಂಗಾಗೆ ಮಾತ್ರ ವರಾಂಡ! ಒಂದನೇ, ಎರಡನೇ ತರಗತಿಯ ಐದು ಚಿಳ್ಳೆಪಿಳ್ಳೆಗಳನ್ನು ಅವಳ ಮುಂದೆ ಕೂರಿಸಿ ಅಕ್ಕೋರು ಒಳಗೆ ಹೋಗಿಬಿಡುತ್ತಿದ್ದರು.

"ನೋಡ ಗೋದುಬಾಯಿ," ಎಂದು ಶಂಕ್ರೆವ್ವ ಜೊತೆಯ ಅಡುಗೆಯವಳಿಗೆ ಕಿಟಕಿ ತೋರಿಸಿದಳು. "ಉಳದವರ ಮಕ್ಕಳಿಗೆ ಪಾಠ, ನನ್ನ ಮಗಳಿಗೆ ಕೂಸು ಆಡಿಸೂ ಕೆಲಸ. ಅಡಿಗಿಯಾಕಿ ಮಗಳು ನೋಡ, ಯಾರ ಕೇಳವ್ರು!"

"ಏನರ ಕಾರಣ ಇದ್ದೀತು ತಗೋ," ಎಂದಳು ಗೋದುಬಾಯಿ, ಬೇಳೆ ತೊಳೆಯುತ್ತ.

"ಕಾರಣ ಏನಿರ್ತೈತಿ, ಮಣ್ಣು!"

ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಶಂಕ್ರೆವ್ವ ಚಿಕ್ಕವಳಿದ್ದಾಗ ಅವಳ ಶಾಲೆಯ ಬಾಯಾರು ತಮ್ಮ ಕೂಸನ್ನು ಇವಳ ಕಂಕುಳಿಗೆ ಕೊಟ್ಟು ಪಾಠ ಮಾಡುತ್ತಿದ್ದರು. ಎರಡು ವರ್ಷ ಆ ಕೂಸಿನ ಮೂಗು ಒರೆಸಿದ್ದೇ ಇವಳ ವಿದ್ಯೆಯಾಯಿತು. ಮೂರನೇ ತರಗತಿಗೆ ಹೊರಳುವುದರೊಳಗೆ ಲೆಕ್ಕ ಕೈಬಿಟ್ಟು ಹೋಗಿತ್ತು, ನಾಲ್ಕಕ್ಕೆ ಶಾಲೆಯೂ ಹೋಯಿತು. ಹಾಗಾಗಿ ಮನೆಯಲ್ಲಿ ಅವಳು ಮಗಳನ್ನು ಬಿಡುತ್ತಿರಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತ ಮಗ್ಗಿ ಕೇಳುವಳು. ರೊಟ್ಟಿ ಹಂಚಿನಿಂದ ಇಳಿಯುವುದರೊಳಗೆ ಉತ್ತರ ಬರಬೇಕು. ಬರಲಿಲ್ಲವೆಂದರೆ, "ಸವುಟ ಹಿಡೀತೀ ನೋಡ ನನ್ನಂಗ!" ಎಂದು ಚೀರುವಳು. ಒಂದು ಏಟು ಹಾಕಿದವಳಲ್ಲ, ಅದು ಖರೆ.

ಒಂದು ದಿನ ಅಕ್ಕೋರು ತಾವಾಗಿ ಅಡುಗೆಮನೆಗೆ ಬಂದು, ಹುಣಸೆ ಬೀಜ ಇದ್ದರೆ ಕೊಡಿ ಎಂದರು. ಶಂಕ್ರೆವ್ವ ಒಂದು ಬೊಗಸೆ ಕೊಟ್ಟಳು. ಅಕ್ಕೋರು ಹೋಗಲಿಲ್ಲ.

"ಶಿವಗಂಗಾ ಮನ್ಯಾಗ ಮಾತಾಡ್ತಾಳೇನ್ರಿ?"

"ಮಾತಾಡಲಿಕ್ಕೆ ಏನಾಗೈತ್ರಿ? ಮೂಕಿ ಅದಾಳೇನ ನನ್ನ ಮಗಳು?"

ಅಕ್ಕೋರು ಸುಮ್ಮನೆ ನಕ್ಕು ಹೋದರು. ಆ ನಗೆ ಶಂಕ್ರೆವ್ವನಿಗೆ ಮೈಯೆಲ್ಲ ಉರಿ ಎಬ್ಬಿಸಿತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಇವರು ಮಗಳನ್ನು ದಡ್ಡಿ ಎಂದು ಬರೆದಿಟ್ಟಾಗಿದೆ ಎಂದು ಅವಳು ತೀರ್ಮಾನಿಸಿದಳು. ಮಗಳನ್ನು ಕೇಳಿದರೆ ಆ ಹುಡುಗಿ ತಲೆ ಬಗ್ಗಿಸಿ ಲಂಗದ ಅಂಚು ಹಿಂಡುವುದೊಂದೇ. ಬಾಯಿ ಕಟ್ಟಿ ಹಾಕಿದ್ದಾರೆ, ಇಲ್ಲದಿದ್ದರೆ ಹೆತ್ತ ತಾಯಿಯಿಂದ ಯಾಕೆ ಮುಚ್ಚಿಡುತ್ತಿದ್ದಳು?

ಮರುದಿನವೇ ಹೆಡ್ ಮಾಸ್ತರ ಮಹಾಂತಪ್ಪನವರ ಮುಂದೆ ಹೋಗಿ ನಿಂತಳು.

"ಟಿಸಿ ಕೊಡ್ರಿ ಸರ. ಮುಂಡಗೋಡದಾಗ ನನ್ನ ತಂಗಿ ಅದಾಳ, ಅಲ್ಲೇ ಸಾಲಿಗೆ ಹಾಕ್ತೇನಿ."

"ಪರೀಕ್ಷಾ ಹತ್ರ ಬಂದಾಗ ಸಾಲಿ ಬಿಡಸ್ತೀಯೇನ? ಹುಚ್ಚ ಹಿಡದೈತೇನವಾ ನಿನಗ?"

"ಇಲ್ಲಿದ್ರೂ ಅಷ್ಟ, ಬಿಟ್ರೂ ಅಷ್ಟರಿ."

"ಸೋಮವಾರ ಬಾ, ಬರದ ಇಟ್ಟಿರ್ತೇನಿ," ಎಂದರು ಅವರು ಬೇಸತ್ತು.

ನಡುವೆ ಶನಿವಾರ ಬಂತು. ಬೆಳಗಿನ ಶಾಲೆ. ಕಣ್ಣಾರೆ ನೋಡಿ, ಅಕ್ಕೋರನ್ನು ಹಿಡಿದು, ನಾಲ್ಕು ಮಾತು ಆಡಿಯೇ ಮಗಳನ್ನು ಕರೆದೊಯ್ಯಬೇಕೆಂದು ಶಂಕ್ರೆವ್ವ ಅಕ್ಕಿ ಆರಿಸುವ ಮರ ಹಿಡಿದು ವರಾಂಡದ ಮೂಲೆಯ ಕಂಬದ ಹಿಂದೆ ನಿಂತಳು. ಅತ್ತ ಕಡೆಯಿಂದ ಜೋರಾದ ದನಿ ಕೇಳಿಸಿತು.

"ಏ, ಕಿತ್ತಾಡಬ್ಯಾಡ್ರಿ! ಇಪ್ಪತ್ತಮೂರು ಬೀಜ, ಐದು ಮಂದಿ. ಒಬ್ಬೊಬ್ಬರಿಗೆ ಎಷ್ಟ ಬಂತು? ನಾಕು. ಉಳದ ಮೂರು? ಅವು ಯಾರಿಗೂ ಇಲ್ಲ. ಒಬ್ಬರಿಗೆ ಕೊಟ್ರ ಇನ್ನೊಬ್ಬರು ಅಳ್ತೀರಿ. ಅದಕ್ಕ ಅವನ್ನ ಬಾಜೂಕ ಇಡೂದು, ಶೇಷ ಅನ್ನೂದು. ಈಗ ಆರು ಮಂದಿ ಅಂತ ಹಿಡೀರಿ. ನನ್ನೂ ಸೇರಿಸ್ರಿ."

ಅಕ್ಕೋರು ಇಂದಾದರೂ ಹೊರಗೆ ಬಂದಿದ್ದಾರೆ ಎಂದುಕೊಂಡಳು ಶಂಕ್ರೆವ್ವ. ಇಣುಕಿದರೆ ಅಕ್ಕೋರು ಎಲ್ಲೂ ಇಲ್ಲ. ಕೈ ಬೀಸಿ, ಕಣ್ಣರಳಿಸಿ, ಗದರಿಸಿ, ನಗಿಸಿ ಪಾಠ ಹೇಳುತ್ತಿದ್ದವಳು ಶಿವಗಂಗಾ! ತನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿಗೆ ಇಂಥದೊಂದು ದನಿ ಇದೆಯೆಂದು ಶಂಕ್ರೆವ್ವನಿಗೆ ಗೊತ್ತೇ ಇರಲಿಲ್ಲ. ಖುಷಿಗೆ ಅವಳು ತನಗೆ ತಿಳಿಯದೆಯೇ ಕಂಬದ ಈಚೆಗೆ ಬಂದಳು.

ಶಿವಗಂಗಾ ಅವ್ವನನ್ನು ಕಂಡಳು. ಬೀಸುತ್ತಿದ್ದ ಕೈ ಕೆಳಗಿಳಿಯಿತು, ತಲೆ ಬಾಗಿತು, ಬೆರಳು ಲಂಗದ ಅಂಚು ಹುಡುಕಿತು.

"ಯಾಕ ನಿಂತೆ? ಹೇಳ, ಆರು ಮಂದಿಗೆ ಎಷ್ಟ?" ಎಂದಳು ಶಂಕ್ರೆವ್ವ ಉತ್ಸಾಹದಲ್ಲಿ.

ಶಿವಗಂಗಾ ಲಂಗದ ಅಂಚನ್ನು ಇನ್ನೂ ಬಿಗಿಯಾಗಿ ಹಿಂಡಿದಳು. ಚಿಳ್ಳೆಗಳು ಒಂದರ ಮುಖ ಒಂದು ನೋಡಿದವು. ಅಷ್ಟರಲ್ಲಿ ಆಸಿಫಾ ಅಕ್ಕೋರು ಬಾಗಿಲಿಗೆ ಬಂದು ಶಂಕ್ರೆವ್ವನನ್ನು ಒಳಗಿನ ಮೂಲೆಗೆ ಕರೆದುಕೊಂಡು ಹೋದರು.

"ಆಕಿಗೆ ಲೆಕ್ಕ ಬರ್ತೈತ್ರಿ. ಕೇಳವ್ರ ಮುಂದ ಬಾಯಿ ಬರೂದಿಲ್ಲ, ಬರೀ ಅಂದ್ರ ಬರದದ್ದ ಅಳಿಸಿ ಕುಂದ್ರತಾಳ. ಅದಕ್ಕ ಸಣ್ಣವರಿಂದ ಸುರು ಮಾಡೇನಿ. ವಾರಕ್ಕಷ್ಟು ದೊಡ್ಡವರನ್ನ ಎದುರಿಗೆ ಕುಂದ್ರಸ್ತೇನಿ."

"ಹಂಗಿದ್ರ ನನಗ್ಯಾಕ ಹೇಳಲಿಲ್ರಿ? ಹಡದಾಕಿ ನಾ!"

ಅಕ್ಕೋರು ಚೀಲದಿಂದ ಒಂದು ಹಾಳೆ ತೆಗೆದರು. ಯಾರ ಮುಂದೆ ಉತ್ತರ ಹೇಳಲು ಹೆದರಿಕೆ, ಕಡಿಮೆಯಿಂದ ಹೆಚ್ಚಿಗೆ ಬರೆ ಎಂದು ಶಿವಗಂಗಾಗೆ ಹೇಳಿ ಬರೆಸಿದ್ದರಂತೆ.

ಶಂಕ್ರೆವ್ವ ಅಕ್ಷರ ಕೂಡಿಸಿಕೊಂಡು ಓದಿದಳು. ಒಂದನೇ, ಎರಡನೇ ಕ್ಲಾಸಿನವರು. ಮೂರನೇ ಕ್ಲಾಸಿನವರು. ನಾಲ್ಕನೇ ಕ್ಲಾಸಿನವರು. ನಮ್ಮ ಕ್ಲಾಸಿನವರು. ಅಕ್ಕೋರು. ಹೆಡ್ ಮಾಸ್ತರು. ಪರೀಕ್ಷೆಗೆ ಬರುವ ಸಾಹೇಬರು. ಎಲ್ಲರ ಕೆಳಗೆ, ಪೆನ್ಸಿಲ್ ಒತ್ತಿ ಬರೆದದ್ದು: ಅವ್ವ.

ಆ ಕೊನೆಯ ಸಾಲನ್ನು ಅವಳು ಮತ್ತೊಮ್ಮೆ ಓದಿದಳು. ಇಷ್ಟು ದಿನ ಕಿಟಕಿಯಲ್ಲಿ ನಿಂತು ಯಾರನ್ನೋ ಕಳ್ಳಿ ಎಂದು ಕಾಯುತ್ತಿದ್ದೆನಲ್ಲ, ಉಳವಿ ಚನ್ನಬಸವಣ್ಣಾ, ಕಳ್ಳಿ ನಾನೇ ಆಗಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯೂ ಸಂಕಟವೂ ಒಟ್ಟಿಗೆ ಉಕ್ಕಿ ಬಂದವು.

"ಟಿಸಿ ಬ್ಯಾಡಂತ ಸರಗ ನಾನ ಹೇಳ್ತೇನ್ರಿ," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು, "ನನ್ನ ಪಾಳಿ ಯಾವಾಗ ಬರ್ತೈತ್ರಿ ಅಕ್ಕೋರ?"

"ಪರೀಕ್ಷಾ ಮುಗದ ಮ್ಯಾಲ್ರಿ," ಎಂದರು ಅಕ್ಕೋರು ಮೆಲ್ಲಗೆ.

ಶಂಕ್ರೆವ್ವ ಗೋಣು ಹಾಕಿದಳು. ಮಗಳ ಕಣ್ಣಿಗೆ ಬೀಳಬಾರದೆಂದು ಹಿಂದಿನ ಬಾಗಿಲಿನಿಂದ ಇಳಿದು, ಕಟ್ಟಡ ಸುತ್ತು ಹಾಕಿ ನಡೆದಳು. ಅರ್ಧ ದಾರಿಯಲ್ಲಿ ಆ ಜೋರು ದನಿ ಮತ್ತೆ ಸುರುವಾಯಿತು, ಆರು ಮಂದಿಗೆ ಮೂರು ಮೂರು, ಉಳದದ್ದು ಐದು. ಅವಳು ಗೋಡೆಗೆ ಆತು ನಿಂತು ಕೇಳಿದಳು. ಆ ಐದು ಚಿಳ್ಳೆಗಳ ಮೇಲೆ ಅವಳಿಗೆ ಹೇಳಲಾರದಷ್ಟು ಹೊಟ್ಟೆಕಿಚ್ಚಾಯಿತು.