ಬೋರಣ್ಣನ ಹೊಲದಲ್ಲಿ ಕಾರ್ ಟಾಕೀಸು

ಬೋರಣ್ಣನಿಗೆ ಮೆಚ್ಚಿಗೆಯಾಗುವ ಮನುಷ್ಯರು ಈ ಲೋಕದಲ್ಲಿ ಬಹಳ ಕಡಿಮೆ. ಮೊದಲನೆಯವನು ಅವನೇ. ಎರಡನೆಯವನನ್ನು ಅರವತ್ತು ದಾಟಿದರೂ ಹುಡುಕುತ್ತಲೇ ಇದ್ದ. ಬೇಗೂರಿನಲ್ಲಿ ಅವನದ್ದು ಮೂರು ಪೀಜಿ ಕಟ್ಟಡ, ಒಂದು ಕಲ್ಯಾಣ ಮಂಟಪ. ಪೀಜಿಯ ಹುಡುಗರನ್ನು ಕಂಡರೆ ತಾತ್ಸಾರ, ಜಯನಗರದವರನ್ನು ಕಂಡರೆ ಅದರಪ್ಪನಂಥ ತಾತ್ಸಾರ. ಇಂಥವನ ಮುಂದೆ ಮಗಳು ಅರ್ಪಿತ ನಿಂತು, ಹುಳಿಮಾವಿನ ಕಡೆ ಬೀಳು ಬಿದ್ದಿರುವ ಎರಡೆಕರೆ ಹೊಲದಲ್ಲಿ ಡ್ರೈವ್-ಇನ್ ಟಾಕೀಸು ಮಾಡುತ್ತೇನೆ ಎಂದಾಗ, ಅವನು ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಅಡಿಕೆ ಅಂಗಿಯ ಮೇಲೆ ಬಿತ್ತು.

“ಕಾರಲ್ಲಿ ಕೂತ್ಕೊಂಡು ಪಿಚ್ಚರ್ ನೋಡದಾ? ಅದಕ್ಕೆ ದುಡ್ ಬೇರೆ ಕೊಡ್ತಾರಾ?”

“ಕೊಡ್ತಾರಪ್ಪ. ದೊಡ್ಡ ಪರದೆ ಹಾಕ್ತೀನಿ. ಕಾರಿನ ರೇಡಿಯೋದಲ್ಲೇ ಸೌಂಡ್ ಬರುತ್ತೆ. ಶನಿವಾರ, ಭಾನುವಾರ ಸಂಜೆ ಮಾತ್ರ ಶೋ.”

“ನಾವ್ ಚಿಕ್ಕೋರಿದ್ದಾಗ ಟೆಂಟಲ್ಲಿ ಮಣ್ ಮೇಲೆ ಕೂತು ನೋಡ್ತಿದ್ವಿ. ಆಮೇಲೆ ಬೆಂಚ್ ಬಂತು, ಕುರ್ಚಿ ಬಂತು, ಏಸಿ ಬಂತು. ಈಗ ತಿರ್ಗಾ ಹೊಲಕ್ಕೇ ಬಂದ್ರಾ? ಥೂ, ಇವರ ಓದಿಗಿಷ್ಟು ಬೆಂಕಿ ಹಾಕ!”

ಅರ್ಪಿತ ನಗಲಿಲ್ಲ. ಮದುವೆ ಮುರಿದುಕೊಂಡು ತವರಿಗೆ ಬಂದು ಎರಡು ವರ್ಷವಾಗಿತ್ತು. ಅಲ್ಲಿಂದ ಈಚೆಗೆ ಅಪ್ಪನ ಪೀಜಿಗಳ ಬಾಡಿಗೆ ವಸೂಲಿ, ನೀರಿನ ಟ್ಯಾಂಕರ್ ತರಿಸುವುದು, ಕಟ್ಟಿಕೊಂಡ ಕಕ್ಕಸಿಗೆ ಜನ ಕರೆಸುವುದು, ಇದೇ ಅವಳ ಬದುಕು. ಆ ಹೊಲವನ್ನು ಬೋರಣ್ಣ ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರನಿಗೆ ಕೊಡುವ ಮಾತು ನಡೆಸಿದ್ದನೆಂಬುದೂ ಅವಳಿಗೆ ಗೊತ್ತಿತ್ತು.

“ಒಂದೇ ಒಂದು ವರ್ಷ ಕೊಡಪ್ಪ. ನಡೆದ್ರೆ ಹೊಲ ನಂದು, ಬಿಲ್ಡರ್ ಸುದ್ದಿ ಎತ್ತಬಾರ್ದು. ನಡೀದಿದ್ರೆ ನಿನ್ನಿಷ್ಟ. ನನ್ ಕಾಲ್ ಮೇಲೆ ನಾನು ನಿಂತ್ಕೋಬೇಕು, ಅಷ್ಟೇ.”

“ಆಯ್ತು ಹೋಗು” ಅಂದ ಬೋರಣ್ಣ. ಮಗಳ ಮೇಲಿನ ಮಮಕಾರಕ್ಕಲ್ಲ. ಕೈ ಸುಟ್ಟುಕೊಂಡರೆ ತೆಪ್ಪಗೆ ಬಾಡಿಗೆ ವಸೂಲಿಗೆ ಕೂರುತ್ತಾಳೆ ಎಂಬ ಲೆಕ್ಕಾಚಾರ ಅವನದು.

ಅರ್ಪಿತ ತನ್ನ ಒಡವೆ ಮಾರಿ ಪರದೆ, ಪ್ರೊಜೆಕ್ಟರು ತಂದಳು. ಹೊಲವನ್ನು ಹದವಾಗಿ ಇಳಿಜಾರು ಮಾಡಿಸಿ, ಹಿಂದಿನ ಕಾರಿನವರಿಗೂ ಕಾಣುವಂತೆ ಸುಣ್ಣದ ಗೆರೆ ಎಳೆಸಿದಳು. ಗೇಟಿನ ಪಕ್ಕ ಜೋಳ, ಮಿರ್ಚಿ ಬಜ್ಜಿಯ ಅಂಗಡಿ ಇಟ್ಟಳು. ಫೋನಿನಲ್ಲಿ ಎರಡು ಫೋಟೋ ಹಾಕಿದ್ದಕ್ಕೇ ಮೊದಲನೇ ಶನಿವಾರದ ಟಿಕೆಟ್ಟೆಲ್ಲ ಖಾಲಿ. ಇದನ್ನು ಕೇಳಿ ಬೋರಣ್ಣನಿಗೆ ತಳಮಳ ಶುರುವಾಯಿತು. ಮಗಳು ಗೆದ್ದರೆ ಎಂಬ ತಳಮಳವಲ್ಲ ಅದು. ತನ್ನ ಹೊಲದಲ್ಲಿ ಇಷ್ಟು ದೊಡ್ಡ ಪ್ರಾರಂಭೋತ್ಸವ, ಊರಿನವರಿಗೆ ತಾನೊಂದು ಮಾತೂ ಹೇಳಿಲ್ಲವಲ್ಲ! ನಾಳೆ ನಾಲ್ಕು ಜನ ಏನೆಂದುಕೊಂಡಾರು?

ಸರಿ, ಸಾವಿರ ಆಹ್ವಾನ ಪತ್ರಿಕೆ ಅಚ್ಚಾದವು. ಮೇಲೆ ಗಣಪತಿ, ಕೆಳಗೆ ‘ಸಕುಟುಂಬ ಸಪರಿವಾರ ಸಮೇತರಾಗಿ’, ನಡುವೆ ದಪ್ಪ ಅಕ್ಷರದಲ್ಲಿ ಬೋರಣ್ಣನ ಹೆಸರು. ಮಗಳ ಹೆಸರು ಎಲ್ಲೋ ಮೂಲೆಯಲ್ಲಿ, ಶಾಮಿಯಾನದವನ ಹೆಸರಿಗಿಂತ ಒಂದು ಗೆರೆ ಮೇಲೆ. ಹೆಂಡತಿ ಮಂಗಮ್ಮನ ಕೈಗೆ ಅರಿಶಿನ ಕುಂಕುಮದ ಬಟ್ಟಲು ಕೊಟ್ಟು, ಬೇಗೂರಿನ ನೆಂಟರಿಷ್ಟರ ಮನೆ ಮನೆ ಬಾಗಿಲು ತುಳಿದ.

“ಅಪ್ಪಾ, ಇದು ಟಿಕೆಟ್ ಇಟ್ಟಿರೋ ಜಾಗ. ಕುಂಕುಮ ಕೊಟ್ಟು ಕರೆದು ಬಂದ್ರೆ ಆಮೇಲೆ ದುಡ್ ಕೇಳೋದ್ ಹೆಂಗೆ?” ಎಂದು ಅರ್ಪಿತ ಬಡಕೊಂಡಳು.

“ನಿಂಗೇನ್ ಗೊತ್ತು ಸುಮ್ನಿರು. ನಮ್ ಮರ್ಯಾದೆ ಒಂದಿಲ್ವಾ?”

ಮರ್ಯಾದೆಯ ವಿಷಯ ಆ ಊರಿನಲ್ಲಿ ಹೀಗೆ. ಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆದವನ ಕಾರ್ಯದಲ್ಲಿ ಊಟಕ್ಕಾಗಲಿ ಆಟಕ್ಕಾಗಲಿ ದುಡ್ಡು ಬಿಚ್ಚಿದರೆ ಕರೆದವನಿಗೆ ಅವಮಾನ. ಕರೆದೂ ಹೋಗದಿದ್ದರೆ ಇನ್ನೂ ದೊಡ್ಡ ಅವಮಾನ. ಬೋರಣ್ಣ ಒಂದು ಸಲಕ್ಕೆ ಕರೆದಿದ್ದರೆ ಪೀಡೆ ಅಲ್ಲಿಗೆ ತೊಲಗುತ್ತಿತ್ತು. ಆದರೆ ಅವನ ಬಾಯಿಗೆ ಬೀಗ ಎಲ್ಲಿದೆ? “ಒಂದಿನ ಅಲ್ಲ ಕಣ್ರೀ, ವಾರ ವಾರ ಬರಬೇಕು. ನಿಮ್ಮನೇದೇ ಅಂದ್ಕೊಳಿ. ಯಾರ್ ಬಂದ್ರು, ಯಾರ್ ಬರ್ಲಿಲ್ಲ ಅಂತ ನಾನ್ ನೋಡ್ತಿರ್ತೀನಿ” ಎಂದು ಪ್ರತಿಯೊಂದು ಮನೆಯಲ್ಲೂ ಹೇಳಿ ಬಂದ.

ಮೊದಲನೇ ಶನಿವಾರ ಊರಿಗೆ ಊರೇ ಎದ್ದು ಬಂತು. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಚಾಪೆ, ದಿಂಬು, ಮಕ್ಕಳು, ಮುದುಕಿಯರು. ಬೋರಣ್ಣ ಗೇಟಿನ ಪಕ್ಕದಲ್ಲೇ ಮಟನ್ ಊಟ ಹಾಕಿಸಿದ್ದ. ಜಯನಗರ, ಜೇಪಿ ನಗರದಿಂದ ದುಡ್ಡು ಕೊಟ್ಟು ಬಂದವರು, ಸ್ವೆಟರು ತೊಟ್ಟ ನಾಯಿಗಳ ಸಮೇತ, ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಮುದ್ದೆಯ ಹಂಡೆಯನ್ನು ನೋಡುತ್ತಾ ಕೂತರು. ಪರದೆಯ ಮೇಲೆ ಹೀರೋ ಬಂದದ್ದೇ ತಡ, ಟ್ರ್ಯಾಕ್ಟರಿನವರು ಸಂಭ್ರಮಕ್ಕೆ ಹಾರನ್ ಬಾರಿಸಿ ಹೆಡ್‌ಲೈಟು ಹಾಕಿದರು. ಪರದೆ ಬೆಳ್ಳಗಾಗಿ ಹೀರೋ ಮಾಯವಾದ. ಅವನು ಎಲ್ಲಿ ಹೋದ ಎಂದು ನೋಡಲು ಇನ್ನೂ ನಾಲ್ಕು ಹೆಡ್‌ಲೈಟು ಹತ್ತಿಕೊಂಡವು.

“ಅಂಕಲ್, ಪ್ಲೀಸ್, ಲೈಟ್ಸ್ ಆಫ್ ಮಾಡಕ್ಕೆ ಹೇಳಿ” ಎಂದು ಚಡ್ಡಿ ಹಾಕಿದ ದೊಡ್ಡ ಮನುಷ್ಯನೊಬ್ಬ ಬಂದು ಕೇಳಿದ.

“ಮನೆಗ್ ಬಂದ ನೆಂಟರಿಗೆ ದೀಪ ಆರ್ಸಿ ಅನ್ನಕ್ಕಾಗತ್ತಾ ಸಾರ್?” ಎಂದು ಬೋರಣ್ಣ ಮೀಸೆಯಡಿ ನಕ್ಕ. ಆ ದಿನದ ಸುಖ ಅವನಿಗೆ ತನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಎರಡನೇ ವಾರವೂ ಟ್ರ್ಯಾಕ್ಟರು ಬಂದವು. ಮೂರನೇ ವಾರವೂ ಬಂದವು. ಗೆರೆ ಎಳೆದ ಜಾಗವನ್ನೆಲ್ಲ ನೆಂಟರು ಹಿಡಿದರೆ ಟಿಕೆಟ್ಟಿನವರು ರಸ್ತೆಯಿಂದಲೇ ಕಾರು ತಿರುಗಿಸತೊಡಗಿದರು. ಬೈದು ಬರೆದವರೆಷ್ಟೋ, ದುಡ್ಡು ವಾಪಸ್ ಕೇಳಿದವರೆಷ್ಟೋ. ಅರ್ಪಿತ ಸೊರಗಿದಳು. ಬೋರಣ್ಣ ಮಾತ್ರ ವಾರ ವಾರ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಮೈದಾನದ ತುಂಬ ಓಡಾಡಿ, “ಊಟ ಆಯ್ತಾ? ಕಾಣ್ಸುತ್ತಾ?” ಎಂದು ವಿಚಾರಿಸುವುದರಲ್ಲಿ ಮುಳುಗಿದ್ದ. ಒಳಗೊಳಗೇ ಆ ನೆಂಟರ ಬಗ್ಗೆಯೂ ಅವನಿಗೆ ಅಸಡ್ಡೆಯೇ. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ, ನಾಚಿಕೆಗೆಟ್ಟವು, ಎಂದು ಮಂಗಮ್ಮನ ಮುಂದೆ ಬೈಯುತ್ತಿದ್ದ.

“ಬೇಡ ಅನ್ನಿ ಮತ್ತೆ. ಕರೆದೋರು ನೀವೇ ತಾನೆ?” ಅಂದಳು ಮಂಗಮ್ಮ.

“ನಾನ್ಯಾಕ್ ಅನ್ಲಿ? ಟಾಕೀಸು ಅವಳ್ದು. ತಾಕತ್ತಿದ್ರೆ ಅವಳೇ ಅನ್ಲಿ.”

ಮಾರನೇ ಬೆಳಿಗ್ಗೆಯೇ ಅರ್ಪಿತ ಅವನ ಮುಂದೆ ಬಂದು ನಿಂತಳು. “ಅಪ್ಪ, ನಿನ್ನ ಹತ್ರ ಇನ್ನೇನೂ ಕೇಳಲ್ಲ. ಈ ಶನಿವಾರ ಗೇಟಲ್ಲಿ ನನ್ ಜೊತೆ ನಿಂತ್ಕೊ. ‘ಕರೆದಿದ್ದು ಅವತ್ತಿಗೆ ಮುಗೀತು, ಇನ್ಮೇಲೆ ಟಿಕೆಟ್ ತಗೊಂಡು ಬನ್ನಿ’ ಅಂತ ನಿನ್ ಬಾಯಲ್ಲಿ ಒಂದು ಮಾತು. ನಾನ್ ಹೇಳಿದ್ರೆ ನಡೆಯಲ್ಲ, ನೀನೇ ಹೇಳ್ಬೇಕು. ಇಲ್ದಿದ್ರೆ ಟಾಕೀಸು ಉಳಿಯಲ್ಲ.”

ಅವಳ ಕಣ್ಣು ಕೆಂಪಾಗಿದ್ದವು. ಬೋರಣ್ಣನಿಗೆ ಒಂದು ಗಳಿಗೆ ಕರುಳು ಚುರುಕ್ ಅಂದದ್ದು ನಿಜ. “ನೋಡಣ” ಅಂದ.

ಶನಿವಾರ ಸಂಜೆ ಗೇಟಿಗೆ ಹೋಗಿ ನಿಂತದ್ದೂ ನಿಜ. ಗೇಟು ಹಾಕಿತ್ತು. ಒಂದು ಕಡೆ ಜಯನಗರದ ಕಾರುಗಳ ಸಾಲು, ಇನ್ನೊಂದು ಕಡೆ ಟ್ರ್ಯಾಕ್ಟರುಗಳು. ಮುಂದಿನ ಟ್ರ್ಯಾಕ್ಟರಿನಿಂದ ಇಳಿದು ಬಂದವನು ಬೋರಣ್ಣನ ದೊಡ್ಡಪ್ಪನ ಮಗ ಮರಿಯಪ್ಪ, ವಯಸ್ಸಿನಲ್ಲಿ ಹಿರಿಯ, ನೆಂಟರಲ್ಲೆಲ್ಲ ಮಾತು ನಡೆಯುವಂಥವನು. ಜೇಬಿನಲ್ಲಿ ಕೈ ಇಟ್ಟುಕೊಂಡೇ ಬಂದ.

“ಏನ್ಲಾ ಬೋರ, ಗೇಟ್ ಹಾಕಿದ್ದೀರಾ? ಏನ್ ಸಮಾಚಾರ?”

ಅರ್ಪಿತ ಅಪ್ಪನ ಮುಖ ನೋಡಿದಳು. ಮರಿಯಪ್ಪನೂ ನೋಡಿದ. ಟ್ರೈಲರಿನ ಮೇಲಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಹೇಳಬೇಕಾದದ್ದು ಒಂದೇ ಮಾತು. ಆದರೆ ಅಷ್ಟು ಜನರ ಎದುರು ಬಾಯಿಬಿಟ್ಟು ದುಡ್ಡು ಕೇಳಿದರೆ ಬೋರಣ್ಣ ಚಿಲ್ಲರೆ ಆದ ಅನ್ನುವುದಿಲ್ಲವೇ?

“ಅಯ್ಯೋ, ಬಾರಣ್ಣ, ಬಾ! ಇವಳಿಗ್ ಬುದ್ಧಿ ಇಲ್ಲ, ಮನೆಯೋರಿಗೇ ಗೇಟ್ ಹಾಕವ್ಳೆ” ಎಂದು ತನ್ನ ಕೈಯಾರೆ ಗೇಟು ತಳ್ಳಿದ. ಅಷ್ಟಕ್ಕೇ ಬಿಡಲಿಲ್ಲ. “ನಡಿಯಮ್ಮ ಆ ಕಡೆ! ದೊಡ್ಡೋರ್ ಬಂದಾಗ ಹೆಂಗ್ ನಿಂತ್ಕೋಬೇಕು ಅಂತ ಗೊತ್ತಿಲ್ದಿದ್ದಕ್ಕೇ ಸಂಸಾರಾನೂ ನೆಟ್ಟಗಾಗ್ಲಿಲ್ಲ ನಿಂದು” ಎಂದು ಎಲ್ಲರ ಮುಂದೆ ಬೈದ.

ಮರಿಯಪ್ಪ ಜೇಬಿನಿಂದ ಬರಿಗೈ ತೆಗೆದ. ಅರ್ಪಿತ ಬಜ್ಜಿ ಅಂಗಡಿಯ ಹಿಂದಕ್ಕೆ ಹೋದಳು. ಟ್ರ್ಯಾಕ್ಟರುಗಳು ಒಳಗೆ ಹೋದವು, ಕಾರುಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು.

ಮಳೆಗಾಲಕ್ಕೆ ಮುಂಚೆಯೇ ಟಾಕೀಸು ಮುಚ್ಚಿತು. ನಡೆದದ್ದು ಐದು ತಿಂಗಳೂ ಇಲ್ಲ. ಪರದೆಯನ್ನು ಮದುವೆ ಮನೆಗಳಿಗೆ ಬಾಡಿಗೆ ಕೊಡುವವನೊಬ್ಬ ಬಂದು ಸುತ್ತಿಕೊಂಡು ಹೋದ. “ನಾನ್ ಅವತ್ತೇ ಹೇಳಿರ್ಲಿಲ್ವಾ?” ಎಂದು ಬೋರಣ್ಣ ಊರೆಲ್ಲ ಹೇಳಿಕೊಂಡು ಬಂದ. ಬಿಲ್ಡರು ಮರುದಿನವೇ ಹಣ್ಣಿನ ಬುಟ್ಟಿ ತಂದ. ಮಗಳು ಅಳುತ್ತಾ ಬಂದು ಬಾಡಿಗೆ ಪುಸ್ತಕ ಹಿಡಿಯುತ್ತಾಳೆ ಎಂದು ಕಾದ ಬೋರಣ್ಣನಿಗೆ ಅದೊಂದು ಆಗಲಿಲ್ಲ. ಅರ್ಪಿತ ಹನುಮಂತನಗರದಲ್ಲಿ ಒಂದು ರೂಮು ಹಿಡಿದು, ಮದುವೆ-ಮುಂಜಿಗಳ ಏರ್ಪಾಡು ಮಾಡುವವರ ಹತ್ತಿರ ಕೆಲಸಕ್ಕೆ ಸೇರಿದಳು. “ತಿಂಗಳಿಗೆ ವಾಪಸ್ ಬರ್ತಾಳೆ ಬಿಡು” ಅಂದ ಬೋರಣ್ಣ. ತಿಂಗಳು ಕಳೆದು ಇನ್ನೊಂದು ತಿಂಗಳಾಯಿತು. ಅವಳು ಬರಲಿಲ್ಲ. ಮನೆಯಲ್ಲಿ ಅವನು ಬೈದರೆ ಕೇಳಿಸಿಕೊಳ್ಳಲು ಮಂಗಮ್ಮನೊಬ್ಬಳೇ, ಅವಳೂ ಈಗೀಗ ಟೀವಿ ಜೋರು ಮಾಡುತ್ತಿದ್ದಳು.

ಹೊಲದಲ್ಲಿ ಬಿಲ್ಡರನ ಜೆಸಿಬಿ ಪಾಯ ತೋಡುತ್ತಿದ್ದ ದಿನ ಮರಿಯಪ್ಪ ಅಲ್ಲಿಗೆ ಬಂದ. ಇಬ್ಬರೂ ಬೇಲಿಯ ಪಕ್ಕ ನಿಂತರು.

“ಅಂತೂ ಮುಳುಗಿಸ್ದಲ್ಲೋ ಬೋರ” ಅಂದ ಮರಿಯಪ್ಪ.

“ನಾನಾ? ಬಿಟ್ಟಿ ಪಿಚ್ಚರ್ ನೋಡಿ ಮುಳುಗ್ಸಿದ್ದು ನೀವು! ಇಡೀ ಊರಿಗ್ ಊರೇ ಬಂದು ಬೀಳ್ತಿದ್ರಲ್ಲ!”

ಮರಿಯಪ್ಪ ಉಗುಳಿದ. “ಯಾವನಿಗ್ ಬೇಕಿತ್ತಲೇ ನಿನ್ನ ಪಿಚ್ಚರು? ವಾರ ವಾರ ಕೆಲ್ಸ ಬಿಟ್ಟು, ಸೊಳ್ಳೆ ಕಡಿಸ್ಕೊಂಡು, ಹೆಂಗಸರು ಮಕ್ಕಳನ್ನ ಹೊತ್ಕೊಂಡು ಬರ್ತಿದ್ವಲ್ಲ, ಯಾಕೆ? ಬರ್ದಿದ್ರೆ ನೀನು ಮುಖ ಗಂಟು ಹಾಕ್ಕೊಂಡು ವರ್ಷಗಟ್ಲೆ ಮಾತು ಬಿಡ್ತೀಯ ಅಂತ. ಯಾರ್ ಬಂದ್ರು ಯಾರ್ ಬರ್ಲಿಲ್ಲ ನೋಡ್ತಿರ್ತೀನಿ ಅಂದೋನು ನೀನೇ ತಾನೆ? ದುಡ್ ಕೊಟ್ರೂ ತಪ್ಪು, ಬರ್ದಿದ್ರೂ ತಪ್ಪು. ಅವತ್ತು ಗೇಟಲ್ಲಿ ಎಲ್ಲರ ದುಡ್ಡೂ ಒಟ್ಟು ಮಾಡಿ ನನ್ ಜೇಬಲ್ಲಿ ಇಟ್ಕೊಂಡೇ ಬಂದಿದ್ದೆ. ನಿನ್ ಬಾಯಿಂದ ಒಂದ್ ಮಾತು ಬರ್ಲಿ ಅಂತ ಕಾದೆ.”

ಬೋರಣ್ಣನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯದೆ ಮಗಳಿಗೆ ಫೋನ್ ಮಾಡಿದ. ಎರಡು ತಿಂಗಳಲ್ಲಿ ಅದೇ ಮೊದಲು.

“ಹೇಳಪ್ಪ.”

“ಕೇಳ್ದೇನೇ ಕತೆ? ನಿಮ್ ದೊಡ್ಡಪ್ಪ ಮರಿಯಪ್ಪ ಈಗ್ ಹೇಳ್ತಾವ್ನೆ, ದುಡ್ ಕೊಡಕ್ಕೆ ರೆಡಿ ಇದ್ರಂತೆ! ಬಾಯಲ್ಲಿ ಹೇಳಕ್ಕೇನಾಗಿತ್ತು ಅವರಿಗೆ?”

“ಹೇಳಿದ್ರಪ್ಪ.” ಅವಳ ದನಿಯಲ್ಲಿ ಕೋಪವಿರಲಿಲ್ಲ. “ನಾನ್ ನಿನ್ನ ಕೇಳಿದ್ನಲ್ಲ, ಅದರ ಹಿಂದಿನ ದಿನಾನೇ ಬಂದು ಹೇಳಿದ್ರು. ‘ಎಲ್ಲಾರೂ ಕೊಡ್ತೀವಮ್ಮ, ನಿಮ್ಮಪ್ಪನ ಬಾಯಲ್ಲಿ ಒಂದ್ ಮಾತು ಅನ್ಸು, ಅವನಿಗೆ ಅವಮಾನ ಆಗ್ಬಾರ್ದು’ ಅಂದ್ರು. ಅದಕ್ಕೇ ಕಣಪ್ಪ ನಿನ್ನ ಗೇಟಿಗೆ ಕರೆದಿದ್ದು.”

ಬೋರಣ್ಣ ಏನೋ ಹೇಳಲು ಬಾಯಿ ತೆರೆದ. ಜೆಸಿಬಿಯ ಸದ್ದಿಗೆ ಅವನ ಮಾತು ಅವನಿಗೇ ಕೇಳಿಸಲಿಲ್ಲ.

“ಇಡ್ತೀನಪ್ಪ, ಇಲ್ಲಿ ಕೆಲ್ಸ ಇದೆ” ಅಂದಳು ಅರ್ಪಿತ.