ಪಿಂಕಿಯ ಕಣ್ಣು

ಕುರಿಗಳ ಉಣ್ಣೆ ಕತ್ತರಿಸುವ ಅಂಬ್ರಪ್ಪ ತನ್ನ ರೂಢಿಯಂತೆ ನಾಲ್ಕೂ ಕಾಲು ಸೇರಿಸಿ ಹಗ್ಗ ಸುತ್ತಲು ಹೊರಟಾಗ ಹಂಪಮ್ಮ ಅಡ್ಡ ಬಂದಳು. ಕೆಳಗೆ ಮಲಗಿದ್ದದ್ದು ಕುರಿಯಲ್ಲ, ಪಿಂಕಿ. ಗೇಣುದ್ದದ ನಾಯಿಗೆ ಅದಕ್ಕಿಂತ ಉದ್ದದ ಕೂದಲು. ಹಗ್ಗ ಬೇಡ, ತಾನೇ ಹಿಡಿದುಕೊಳ್ಳುತ್ತೇನೆಂದು ಅಂಗಳದಲ್ಲೇ ಕಾಲು ಚಾಚಿ ಕುಳಿತಳು.

ಕಾಲುವೆ ಕಚೇರಿಯ ಸಾಹೇಬರು ಶಹಾಪುರದಿಂದ ವರ್ಗವಾಗಿ ಹೋಗುವಾಗ ಪಿಂಕಿಯನ್ನು ಹಂಪಮ್ಮನ ಮನೆಗೆ ಕೊಟ್ಟು ನಾಲ್ಕು ತಿಂಗಳಾಗಿತ್ತು. ಆಗ ಅದರ ನೆತ್ತಿಯ ಕೂದಲಿಗೊಂದು ರಿಬ್ಬನ್ ಕಟ್ಟಿರುತ್ತಿತ್ತು. ಬಂದ ವಾರದಲ್ಲೇ ಅದು ಗದ್ದೆಯಲ್ಲಿ ಎಲ್ಲೋ ಬಿದ್ದುಹೋಯಿತು. ಆಮೇಲೆ ನಾಯಿ ಕಂಬಕ್ಕೆ, ಎಮ್ಮೆಗೆ ಢಿಕ್ಕಿ ಹೊಡೆಯತೊಡಗಿತು. ಸಾಹೇಬರನ್ನು ನೆನೆದು ಅತ್ತು ಅತ್ತು ಕಣ್ಣು ಹೋಗಿವೆ ಎಂದು ಹಂಪಮ್ಮ ತೀರ್ಮಾನಿಸಿದಳು. ಓಣಿಯ ಹೆಂಗಸರೂ ಹೌದೆಂದರು. ಮುಖ ಮುಟ್ಟಿದರೆ ಕಚ್ಚಲು ಬರುತ್ತಿದ್ದರಿಂದ ಕೂದಲು ಸರಿಸಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ಕಣ್ಣು ಬರಲೆಂದು ತಿಂಥಣಿ ಮೌನೇಶ್ವರನಿಗೆ ಮಾತ್ರ ಹರಕೆ ಹೊತ್ತಾಯಿತು.

ಮನೆಯ ಮುಂದೆಯೇ ಹೊಲಗಾಲುವೆ. ಅದರಲ್ಲಿ ಮೂರು ಸಲ ಬಿದ್ದ ಪಿಂಕಿಯನ್ನು ಮೂರು ಸಲವೂ ಎತ್ತಿದವನು ಗಂಡ ಲಿಂಗಣ್ಣ. ನಾಲ್ಕನೆಯದು ತನ್ನಿಂದ ನೋಡಲಾಗದೆಂದು, ಯಾದಗಿರಿಯ ತಂಗಿಯ ಮನೆಗೆ ಬಿಟ್ಟುಬರಲು ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಕಟ್ಟೆಯ ಮೇಲಿಟ್ಟಿದ್ದ. ಅಂದು ಮಧ್ಯಾಹ್ನವೇ ಬಸ್ಸು. ಎರಡು ದಿನದಿಂದ ಹಂಪಮ್ಮನಿಗೆ ಊಟ ಸೇರಿರಲಿಲ್ಲ. ಮೈತುಂಬ ಹುಲ್ಲಿನ ಮುಳ್ಳು ಅಂಟಿದ ನಾಯಿಯನ್ನು ನಾದಿನಿಯ ಮನೆಗೆ ಕಳಿಸುವುದು ಹೇಗೆಂದು, ಓಣಿಗೆ ಬಂದಿದ್ದ ಅಂಬ್ರಪ್ಪನನ್ನು ಕರೆದಿದ್ದಳು.

ಅಂಬ್ರಪ್ಪನ ಕತ್ತರಿ ಚಕಚಕ ಆಡಿತು. ಗಂಟುಗಟ್ಟಿದ ಕೂದಲು ಕಂಬಳಿಯ ತುಂಡಿನಂತೆ ಇಡಿಯಾಗಿ ಕಳಚಿ ಬಿತ್ತು. ಕುತ್ತಿಗೆಯ ತನಕ ಬಂದವನೇ ಕತ್ತರಿ ಒರೆಸಿ ಎದ್ದುಬಿಟ್ಟ. ಮೈಯೆಲ್ಲ ಬೋಳು, ತಲೆಯೊಂದು ಕಸಬರಿಗೆ! ಗಂಟು ಮುಖದ ಲಿಂಗಣ್ಣನೂ ನಕ್ಕುಬಿಟ್ಟ.

"ಮಾರಿ ಯಾಕ ಬಿಟ್ಟಿ ಅಂಬ್ರಪ್ಪ?" ಹಂಪಮ್ಮ ನಾಯಿಯ ಮುಖ ತೋರಿಸಿ ಕೇಳಿದಳು.

"ಕುರಿ ಮಾರಿಗಿ ಉಣ್ಣಿ ಎಲ್ಲಿರತದರಿ ಅವ್ವಾರ? ನಲವತ್ತು ವರ್ಷ ಆತು, ನನ್ನ ಕೈ ಕುತ್ತಿಗಿಗೇ ನಿಂದರತದ."

ಹಂಪಮ್ಮ ಒಳಗಿನಿಂದ ಕುಪ್ಪಸ ಹೊಲಿಯುವ ಕತ್ತರಿ ತಂದಳು. ಲಿಂಗಣ್ಣ ಟವೆಲ್ಲಿನಿಂದ ಪಿಂಕಿಯ ಬಾಯಿ ಮೆಲ್ಲಗೆ ಸುತ್ತಿ ಹಿಡಿದ. ಹಣೆಯ ಮೇಲಿನ ಗಂಟನ್ನು ಅವಳು ಉಸಿರು ಬಿಗಿಹಿಡಿದು ಕತ್ತರಿಸಿದಳು. ಕೆಳಗೆ ಎರಡು ಕಪ್ಪು ಕಣ್ಣುಗಳು ಪಿಳಿಪಿಳಿ ಎಂದವು. ಅವು ಹಂಪಮ್ಮನನ್ನು ನೋಡಿದವು, ಲಿಂಗಣ್ಣನನ್ನು ನೋಡಿದವು, ಆಮೇಲೆ ಅಂಗಳದ ಕೋಳಿಯನ್ನು ನೋಡಿದವು.

ಟವೆಲ್ಲು ಕಿತ್ತುಕೊಂಡು ಪಿಂಕಿ ಓಡಿತು. ಕೋಳಿ ಹಾರಿ ಕಾಲುವೆಯಾಚೆ ಬಿತ್ತು. ಮೂವರೂ ಎದ್ದುಬಿದ್ದು ಬೆನ್ನು ಹತ್ತಿದರು. ನೀರಿನ ಅಂಚಿಗೆ ಬಂದ ಪಿಂಕಿ ಗಕ್ಕನೆ ನಿಂತಿತು. ಬಗ್ಗಿ ನೀರು ನೋಡಿತು. ಎರಡು ಹೆಜ್ಜೆ ಹಿಂದೆ ಸರಿದು, ಜಿಗಿದು ದಾಟಿತು.

ಹಂಪಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಲಿಂಗಣ್ಣ ದಂಡೆಯ ಮೇಲೇ ಕುಳಿತುಬಿಟ್ಟ.

"ತಿಂಥಣಿಗಿ ಹೋಗಬೇಕಾತಲ್ಲ," ಎಂದ. "ಹರಕಿ ಅಂದ್ರ ಹರಕಿ."

ರಸ್ತೆಯಲ್ಲಿ ಯಾದಗಿರಿ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೋಯಿತು. ಕಾಲುವೆಯ ದಂಡೆಯಲ್ಲಿ ಕುಳಿತಿದ್ದವರು ಯಾರೂ ಏಳಲಿಲ್ಲ. ಹೇಗೋ ಸುತ್ತಿ ಮನೆಗೆ ಬಂದಿದ್ದ ಕೋಳಿ ಕಟ್ಟೆಯ ಮೇಲಿನ ಬುಟ್ಟಿ ಹತ್ತಿ, ಹಳೆಯ ಸೀರೆಯ ಮೇಲೆ ಕಾವಿಗೆ ಕುಳಿತಂತೆ ಕುಳಿತಿತ್ತು.