ನಜಮುನ್ನೀಸಾ ಈಸು ಕಲಿತದ್ದು

ದೋಣಿ ಮಗುಚಿದ ಜಾಗದಲ್ಲಿ ನೀರು ಎದೆಮಟ್ಟಕ್ಕಿಂತ ಹೆಚ್ಚಿರಲಿಲ್ಲ. ಉಳಿದ ವಿದ್ಯಾರ್ಥಿಗಳು ನಗುತ್ತಾ ಎದ್ದು ನಿಂತರು. ನಜಮುನ್ನೀಸಾ ಮಾತ್ರ ಏಳಲಿಲ್ಲ. ಕಾಲಿಗೆ ನೆಲ ಸಿಗಬಹುದೆಂಬುದೇ ಅವಳಿಗೆ ಹೊಳೆಯಲಿಲ್ಲ. ಮೀನುಗಾರನೊಬ್ಬ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದ ಮೇಲೂ ಅವಳು ಅವನ ಕೈ ಬಿಡಲಿಲ್ಲ.

ಅದು ೧೯೭೭ರ ಮಾರ್ಚ್. ಕಾರವಾರದಲ್ಲಿ ಕಡಲಜೀವಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಲ್ಲೇ ಸಂಶೋಧನೆಗೆ ಸೇರಿದ್ದಳು. ಸುಣ್ಣ ಸುಡುವ ಗೂಡುಗಳಿಗೆ ಹಾಕಲು ಜನ ಸಮುದ್ರದ ಬಂಡೆಗಳಿಂದ ಚಿಪ್ಪುಜೀವಿಗಳನ್ನು ಕೆರೆದು ಒಯ್ಯುತ್ತಿದ್ದರು. ಹೀಗೇ ನಡೆದರೆ ಅವು ಉಳಿಯುತ್ತವೆಯೇ, ಯಾವ ಬಂಡೆಗಳನ್ನು ಮುಟ್ಟದೆ ಬಿಡಬೇಕು ಎಂದು ಕಂಡುಹಿಡಿಯುವುದು ಅವಳ ಕೆಲಸ. ಅದನ್ನು ನೀರಿನೊಳಗೆ ಇಳಿದೇ ನೋಡಬೇಕು. ಅಂದು ದಡಕ್ಕೆ ಬಂದ ಮೇಲೆ ಪ್ರಾಧ್ಯಾಪಕರು ಟವೆಲ್ ಕೊಟ್ಟು, "ರಜೆಯಲ್ಲಿ ಈಜು ಕಲಿತು ಬನ್ನಿ. ಆಗದಿದ್ದರೆ ಈ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದೆ," ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

ಅವಳ ಊರು ಶಹಾಬಾದ್. ಊರ ಸುತ್ತ ಫರಸಿ ಕಲ್ಲಿನ ಖಣಿಗಳು. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆನೀರು ನಿಂತು, ತಳ ಕಾಣದ ಹೊಂಡಗಳಾಗಿದ್ದವು. ಅವಳು ಚಿಕ್ಕವಳಿದ್ದಾಗ ಅಣ್ಣ ಶೌಕತ ಅಲಿ ಆಡಿನ ಮರಿಯ ಹಿಂದೆ ಓಡಿ ಅಂಥದೊಂದು ಖಣಿಗೆ ಜಾರಿದ್ದ. ದಂಡೆಯಲ್ಲಿ ಅವಳೊಬ್ಬಳೇ ಇದ್ದಳು. ನೀರು ಒಮ್ಮೆ ಜೋರಾಗಿ ಅಲುಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗಿತ್ತು. ಅಂದಿನಿಂದ ತಾಯಿ ಅಮೀರ್ಬೀ ಹಿತ್ತಲಿನ ನೀರಿನ ಹೌದಿನ ಮೇಲೆ ಸದಾ ಫರಸಿ ಮುಚ್ಚಿಡುತ್ತಿದ್ದಳು. ಸಮುದ್ರದ ಓದೆಂದರೆ ಪುಸ್ತಕ ಮತ್ತು ಗಾಜಿನ ಬಾಟಲಿಗಳೆಂದು ಅವಳು ತಿಳಿದಿದ್ದಳು. ಮಗಳೂ ಹಾಗೇ ನಂಬಿಸಿದ್ದಳು.

ಊರಿಗೆ ಬಂದ ನಜಮುನ್ನೀಸಾ ತನ್ನ ಹೈಸ್ಕೂಲಿನ ಆಟದ ಟೀಚರು ಶರಣಬಸಮ್ಮನ ಮನೆಗೆ ಹೋದಳು.

"ಟೀಚರ್, ನಂಗ ಈಸಾಕ ಕಲಿಸ್ತೀರೇನ್ರಿ?"

ಶರಣಬಸಮ್ಮನಿಗೆ ಶೌಕತನ ಸಂಗತಿ ಗೊತ್ತಿತ್ತು. ಅವಳನ್ನು ಒಳಗೆ ಕರೆದು ಕೂರಿಸಿದರು. "ನಾಲವಾರದಾಗ ನಮ್ಮಣ್ಣನ ಹೊಲದಾಗ ಮೆಟ್ಟಿಲ ಬಾವಿ ಅದ. ಹೆಣ್ಮಕ್ಕಳು ಇಳಿದ್ರ ನೋಡೋರು ಯಾರೂ ಇಲ್ಲ. ನಿಮ್ಮವ್ವಗ ಹೇಳೀಯೇನು?"

"ಹೇಳಿಲ್ರಿ. ನಿಮ್ಮಣ್ಣನ ಮಗಳಿಗಿ ಪಾಠ ಹೇಳಾಕ ಹೊಂಟೀನಿ ಅಂತೀನಿ."

ಮುಂಜಾನೆಯ ರೈಲುಗಾಡಿಗೆ ಇಬ್ಬರೂ ವಾಡಿ ದಾಟಿ ನಾಲವಾರಕ್ಕೆ ಹೋಗತೊಡಗಿದರು. ಮೊದಲ ದಿನ ಅವಳು ಮೊಣಕಾಲು ಮುಳುಗುವ ಮೆಟ್ಟಿಲಿಗೆ ಬಂದು ನಿಂತಳು, ಮುಂದೆ ಕಾಲು ಏಳಲಿಲ್ಲ. ಹಲ್ಲು ಕಟಕಟನೆ ಬಡಿಯುತ್ತಿದ್ದವು. ಏಪ್ರಿಲ್ ಬಿಸಿಲಿನಲ್ಲಿ ಚಳಿಯೆಂದು ಹೇಳುವಂತೆಯೂ ಇರಲಿಲ್ಲ. ಮರುದಿನ ಬೆನ್ನಿಗೆ ಬೆಂಡು ಕಟ್ಟಿಕೊಂಡು ಇಳಿದಳು. ನೀರು ಕಿವಿಗೆ ತಾಗಿದೊಡನೆ ಟೀಚರ ಕುತ್ತಿಗೆ ತಬ್ಬಿಕೊಂಡಳು. ಗಾಡಿಯಲ್ಲಿ ಹಿಂದಿರುಗುವಾಗ ನಾಳೆ ಬರುವುದಿಲ್ಲ ಎಂದು ದಿನವೂ ತೀರ್ಮಾನಿಸುತ್ತಿದ್ದಳು. ಬೆಳಗಾದರೆ ಸ್ಟೇಷನ್ನಿನಲ್ಲಿ ಇರುತ್ತಿದ್ದಳು. ಮೇ ಹೊತ್ತಿಗೆ ಬೆಂಡು ಬಿಟ್ಟು ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಮುಟ್ಟುವುದು ಬಂತು. ಆದರೆ ತಲೆ ಒಳಗೆ ಮುಳುಗಿಸಲು ಧೈರ್ಯ ಬರಲಿಲ್ಲ. ಮೇಲಿನ ನೀರು ಮುಚ್ಚಿಕೊಂಡು ಮತ್ತೆ ತೆರೆಯುವುದೇ ಇಲ್ಲ ಎನಿಸುತ್ತಿತ್ತು.

ಒಂದು ದಿನ ಟೀಚರು ಮೇಲಿನ ಪಂಪಿನ ಮನೆಗೆ ಹೋಗುವಾಗ, "ನಾ ಬರೋತನಕ ಇಳಿಬ್ಯಾಡ," ಎಂದರು. ಅವಳು ಮೆಟ್ಟಿಲ ಮೇಲೆ ಕೂತಳು. ಯಾರೂ ನೋಡದಿರುವಾಗ ಒಮ್ಮೆ ಮುಳುಗಿ ನೋಡಿದರೆ ಹೇಗೆ ಎನ್ನಿಸಿತು. ಉಸಿರು ತುಂಬಿಕೊಂಡು ಇಳಿದಳು. ಗೋಡೆಯ ಕಲ್ಲು ಹಿಡಿದು ತಲೆ ಒಳಗೆ ಹಾಕಿದಳು. ಕಿವಿಯಲ್ಲಿ ತನ್ನದೇ ಎದೆಬಡಿತ. ಬಲವಂತದಿಂದ ಕಣ್ಣು ತೆರೆದಳು.

ಅಷ್ಟರಲ್ಲಿ ತಲೆಯ ಮೇಲೆ ಏನೋ ದೊಡ್ಡದು ಬಿತ್ತು.

ಮೇಲೆ ಬಂದು ನೋಡಿದರೆ ನೀರಿನ ತುಂಬ ಹಸಿರು ಸೀರೆ. ಅದರ ನಡುವೆ ಅವಳ ಅಮ್ಮಿಯ ಕೈ. ದಿನವೂ ಒದ್ದೆಯಾಗಿ ಬರುವ ಮಗಳ ಜಡೆ ನೋಡಿ ಅಮೀರ್ಬೀಗೆ ಅನುಮಾನ ಬಂದಿತ್ತು. ಅದೇ ಗಾಡಿಯ ಬೇರೆ ಡಬ್ಬಿ ಹತ್ತಿ, ಹೊಲದವರನ್ನು ಕೇಳಿಕೊಂಡು ಬಂದಿದ್ದಳು. ಬಾವಿಯ ಬಾಯಿಗೆ ಬಂದು ಬಗ್ಗಿದಾಗ ಮಗಳು ಮುಳುಗುತ್ತಿರುವುದಷ್ಟೇ ಅವಳಿಗೆ ಕಂಡಿದ್ದು. ಈಜು ಬಾರದಿದ್ದರೂ ಹಾರಿಬಿಟ್ಟಿದ್ದಳು.

ನಜಮುನ್ನೀಸಾ ತಾಯಿಯತ್ತ ಕೈ ಚಾಚಿದಳು. ಅಮೀರ್ಬೀ ಅವಳ ಹೆಗಲು ಹಿಡಿದು ಅವಳ ಮೇಲೆಯೇ ಹತ್ತಿದಳು. ಇಬ್ಬರೂ ಕೆಳಗೆ ಹೋದರು. ಬಾಯಿಗೆ ನೀರು ಹೊಕ್ಕಿತು. ತಾಯಿಯ ಉಗುರು ಕುತ್ತಿಗೆಯಲ್ಲಿ ನಾಟಿತ್ತು. ಬಿಡಿಸಿಕೊಂಡರೆ ತಾನು ಬದುಕುತ್ತೇನೆ ಎಂಬುದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಆ ತಿಳುವಳಿಕೆಯಿಂದ ಆದಷ್ಟು ಭಯ ಅವಳಿಗೆ ನೀರಿನಿಂದಲೂ ಆಗಿರಲಿಲ್ಲ. ಗೋಡೆಗೆ ಕಾಲು ತಾಗಿದಾಗ ಇದ್ದ ಶಕ್ತಿಯೆಲ್ಲ ಹಾಕಿ ಒದ್ದಳು. ಬೆರಳಿಗೆ ಮೆಟ್ಟಿಲಿನ ಅಂಚು ಸಿಕ್ಕಿತು. ಓಡಿಬಂದ ಶರಣಬಸಮ್ಮ ಇಬ್ಬರನ್ನೂ ಮೇಲಕ್ಕೆಳೆದರು.

ಅಮೀರ್ಬೀ ನೀರು ಕಾರಿಕೊಂಡು, ಗೋಡೆಗೊರಗಿ ಕೂತಳು. ಮಗಳು ಬೈಗುಳಕ್ಕೆ ಕಾದಳು.

"ಒಳಗ ಕಣ್ಣು ತೆರೆದಿದ್ದಿಯೇನು?" ಅಮೀರ್ಬೀ ಕೇಳಿದಳು.

"ತೆರೆದಿದ್ದೆ ಅಮ್ಮೀ."

"ನಾ ಕಣ್ಣು ಮುಚ್ಚಿಬಿಟ್ಟಿದ್ದೆ. ಕತ್ತಲ ಇರ್ತದೇನು ಅಲ್ಲಿ? ನನ್ನ ಶೌಕತ ಕತ್ತಲದಾಗ ಹೋದ ಅಂತ ನಾ ಇಷ್ಟು ವರ್ಷ..."

ನಜಮುನ್ನೀಸಾ ತಾಯಿಯ ಒದ್ದೆ ಸೆರಗು ಹಿಂಡುತ್ತಾ ಹೇಳಿದಳು: "ಕತ್ತಲ ಇರಲ್ಲ. ಹಸರ ಬೆಳಕ ಇರ್ತದ. ಮ್ಯಾಲಿನ ಬಿಸಲು ಒಳತನಕ ಬರ್ತದ."

ಖಣಿಯ ನೀರು ಬಾವಿಯ ನೀರಿನಂತಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಅಮೀರ್ಬೀ ಆಗ ಅತ್ತಳು.

ಗಾಡಿಯಲ್ಲಿ ಅವಳು ಒಂದೇ ಮಾತು ಆಡಿದಳು: "ಅಬ್ಬಾಗ ಹೇಳಬ್ಯಾಡ." ಮರುದಿನ ತಾನೇ ಮೊದಲು ಸ್ಟೇಷನ್ನಿಗೆ ಬಂದಳು. ಕೈಯಲ್ಲಿ ಸೇದುವ ಹಗ್ಗವಿತ್ತು. ಬಾವಿಗೆ ಬಂದ ಮೇಲೆ ಅದನ್ನು ಮಗಳ ಸೊಂಟಕ್ಕೆ ಎರಡು ಗಂಟು ಹಾಕಿ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. ಮಗಳು ಮುಳುಗಿದಾಗಲೆಲ್ಲ ಗಾಬರಿಯಿಂದ ಜಗ್ಗಿಬಿಡುತ್ತಿದ್ದಳು. ಮಗಳು ಕೆಮ್ಮುತ್ತಾ ಮೇಲೆ ಬರುತ್ತಿದ್ದಳು. "ಜಗ್ಗಬ್ಯಾಡ ಅಮ್ಮೀ, ನಾನೇ ಬರ್ತೀನಿ." ರಜೆ ಮುಗಿಯುವವರೆಗೂ ಅಮೀರ್ಬೀ ಜಗ್ಗುವುದನ್ನು ಪೂರ್ತಿ ಬಿಡಲಿಲ್ಲ.

ಮಳೆಗಾಲ ಮುಗಿದು ಸಮುದ್ರ ತಿಳಿಯಾದ ಮೇಲೆ ನಜಮುನ್ನೀಸಾ ಕಾರವಾರದಲ್ಲಿ ಮೊದಲ ಸಲ ಇಳಿದಳು. ದೋಣಿಯ ಅಂಚಿನಲ್ಲಿ ಕೂತಾಗ ಒಮ್ಮೆ ವಾಂತಿಯಾಯಿತು. ಪ್ರಾಧ್ಯಾಪಕರು ಇವತ್ತು ಬೇಡ ಎಂದರು. ಅವಳು ಬಾಯಿ ಒರೆಸಿಕೊಂಡು ಇಳಿದಳು. ಬಂಡೆಯ ಮೇಲ್ಭಾಗ ಕೆರೆದು ಬೋಳಾಗಿತ್ತು. ಕೆಳಗಿನ ಸಂದಿನಲ್ಲಿ ಮಾತ್ರ ಎಳೆಯ ಚಿಪ್ಪುಗಳು ಒತ್ತಾಗಿ ಅಂಟಿಕೊಂಡಿದ್ದವು. ಅವನ್ನು ಮುಟ್ಟಲು ಹೋಗಲಿಲ್ಲ. ಉಸಿರು ಮುಗಿಯುವವರೆಗೆ ನೋಡಿದಳು, ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಮುಳುಗಿದಳು.